ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೂ ಶುಗರ್ ಇಳಿಯುತ್ತಿಲ್ಲ, ಅವ್ವನ ಚಹಾಕ್ಕೆ ಏನು ಹಾಕಲಿ?

ಪ್ರಶ್ನೆ: ನಾವು ಕಲಬುರಗಿ ಜಿಲ್ಲೆ ಜೇವರ್ಗಿ ಕಡೆಯವರು. ನಮ್ಮ ಅವ್ವನಿಗೆ 58 ವರ್ಷ. ಆರು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಗುಳಿಗೆ ತಗೊಳ್ತಾಳೆ. ದಿನಕ್ಕೆ ನಾಲ್ಕು ಸಲ ಚಹಾ ಬೇಕೇ ಬೇಕು. ಒಂದು ವರ್ಷದಿಂದ ಸಕ್ಕರೆ ಪೂರ್ತಿ ಬಿಟ್ಟು ಬೆಲ್ಲದ ಚಹಾ ಕುಡಿಯುತ್ತಿದ್ದಾಳೆ. ಆದರೂ ಊಟವಾಗಿ ಎರಡು ತಾಸಿಗೆ ನೋಡಿದರೆ 240, 250 ತೋರಿಸುತ್ತದೆ. ಬೆಂಗಳೂರಲ್ಲಿರುವ ತಮ್ಮ ಸ್ಟೀವಿಯಾ ಹನಿ ಕಳಿಸಿದ್ದಾನೆ. ಪಕ್ಕದ ಮನೆಯವರು ಶುಗರ್ ಫ್ರೀ ಗುಳಿಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತಾರೆ. ಎಳ್ಳಮಾವಾಸ್ಯೆಗೆ ಹೋಳಿಗೆ ತಿನ್ನಬೇಡ ಅಂದಿದ್ದಕ್ಕೆ ಅವ್ವ ಅತ್ತೇ ಬಿಟ್ಟಳು. ಯಾವುದನ್ನು ಹಾಕಿದರೆ ಒಳ್ಳೆಯದು? ಮಕ್ಕಳಿಗೂ ಅದನ್ನೇ ಹಾಕಬಹುದಾ?

ಉತ್ತರ: ಮೊದಲು ಬೆಲ್ಲದ ಮಾತು ಮುಗಿಸೋಣ, ಯಾಕೆಂದರೆ ನಿಮ್ಮ ಅವ್ವನವರ ತೊಂದರೆಯ ಒಂದು ಪಾಲು ಅಲ್ಲೇ ಇದೆ. "ಸಕ್ರಿ ಬಿಟ್ಟು ಬೆಲ್ಲ ಹಿಡದೀನ್ರಿ, ಆದ್ರೂ ಶುಗರ್ ಇಳಿವಲ್ದು" ಅನ್ನೋ ಮಾತನ್ನು ಕಲಬುರಗಿಯಲ್ಲಿ ನಾನು ವಾರಕ್ಕೆ ನಾಲ್ಕೈದು ಸಲ ಕೇಳುತ್ತೇನೆ. ಹೇಳುವವರು ಮನಸ್ಸು ಗಟ್ಟಿ ಮಾಡಿ ಸಕ್ಕರೆ ಬಿಟ್ಟಿರುತ್ತಾರೆ. ಅಷ್ಟು ಕಷ್ಟಪಟ್ಟರೂ ಫಲ ಸಿಗಲಿಲ್ಲ ಅಂದರೆ ಸಂಕಟ ಆಗುತ್ತದೆ. ಆದರೆ ಬೆಲ್ಲ ಅಂದರೆ ಕಬ್ಬಿನ ಹಾಲನ್ನು ಕುದಿಸಿ ಗಟ್ಟಿ ಮಾಡಿದ್ದು. ಅದರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಪಾಲು ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಅದು ಗಾಣದಿಂದ ಬಂತೋ ಫ್ಯಾಕ್ಟರಿಯಿಂದ ಬಂತೋ ಅಂತ ದೇಹ ಕೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಚಹಾಕ್ಕೆ ಸಣ್ಣ ತುಂಡು ಬೆಲ್ಲ, ಅಂದಾಜು 10 ಗ್ರಾಂ. ನಾಲ್ಕು ಸಲಕ್ಕೆ 40 ಗ್ರಾಂ. ಅದರಲ್ಲಿ 34 ಗ್ರಾಂ ಆಸುಪಾಸು ಸಕ್ಕರೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಇರುವ ಒಟ್ಟು ಕಾರ್ಬೋಹೈಡ್ರೇಟ್ ಕೂಡ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅವ್ವನವರು ದಿನಾ ಒಂದು ರೊಟ್ಟಿಯನ್ನು ಚಹಾದಲ್ಲಿ ಕುಡಿಯುತ್ತಿದ್ದಾರೆ. ಅದೂ ನಾರಿಲ್ಲದ, ಅಗಿಯದೆ ಇಳಿಯುವ ರೊಟ್ಟಿ. ರೊಟ್ಟಿಯಾದರೆ ನಿಧಾನವಾಗಿ ಕರಗುತ್ತದೆ, ಚಹಾದಲ್ಲಿದ್ದದ್ದು ಸರ್ರನೆ ಏರುತ್ತದೆ.

ಬೆಲ್ಲದಲ್ಲಿ ಕಬ್ಬಿಣದಂಶ ಇದೆ ಅಲ್ವಾ ಅಂತ ನೀವು ಕೇಳಬಹುದು. ಇದೆ. ಆದರೆ ಒಂದು ಚಮಚದಲ್ಲಿ ಸಿಗುವುದು ಸುಮಾರು ಕಾಲು ಮಿಲಿಗ್ರಾಂ. ಅಷ್ಟಕ್ಕಾಗಿ ಬೆಲ್ಲ ತಿನ್ನುವುದು ಬೇಡ. ನಮ್ಮ ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯದಲ್ಲಿ ಅದಕ್ಕಿಂತ ಬಹಳ ಜಾಸ್ತಿ ಸಿಗುತ್ತದೆ. ಜೇನುತುಪ್ಪ, ಕಂದು ಸಕ್ಕರೆ, ಕಲ್ಲುಸಕ್ಕರೆ, ಖರ್ಜೂರದ ಪಾಕ, ಇವೆಲ್ಲ ಇದೇ ಸಾಲಿನವು. ಹೆಸರು ಬೇರೆ, ಶುಗರ್ ನೋಡುವ ಮೀಟರಿನ ಮುಂದೆ ಎಲ್ಲ ಒಂದೇ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ದಿನ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಗುಳಿಗೆ ತಗೊಳ್ಳುವ ಮುಂಚೆ, ಶುಗರ್ ನೋಡಿ. ಆಮೇಲೆ ಎಂದಿನ ಬೆಲ್ಲದ ಚಹಾ ಕೊಡಿ. ಬೇರೇನೂ ಬೇಡ. ಒಂದು ತಾಸಿಗೆ ಮತ್ತೆ ನೋಡಿ. ಅದಾದ ಮೇಲೆ ಎಂದಿನಂತೆ ನಾಷ್ಟಾ, ಗುಳಿಗೆ. ಮರುದಿನ ಅಷ್ಟೇ ಹಾಲು ಹಾಕಿದ, ಸಿಹಿ ಇಲ್ಲದ ಚಹಾ ಕೊಟ್ಟು ಅದೇ ರೀತಿ ನೋಡಿ. ಮೂರನೇ ದಿನ ಸ್ಟೀವಿಯಾ ಹಾಕಿದ ಚಹಾ. ಮೀಟರಿಗೆ ಹಾಕುವ ಆರು ಪಟ್ಟಿ ಖರ್ಚಾಗುತ್ತವೆ, ಅದು ಸಣ್ಣ ಖರ್ಚಲ್ಲ, ಗೊತ್ತು. ಆದರೆ ನಾನು ನೂರು ಸಲ ಹೇಳುವುದಕ್ಕಿಂತ ಅವ್ವನವರು ತಮ್ಮ ಕಣ್ಣಾರೆ ಒಂದು ಸಲ ಆ ಅಂಕಿ ನೋಡುವುದು ಜಾಸ್ತಿ ಕೆಲಸ ಮಾಡುತ್ತದೆ.

ಬೆರಳು ಚುಚ್ಚುವ ಮುಂಚೆ ಕೈಯನ್ನು ಸಾಬೂನು ಹಚ್ಚಿ ತೊಳೆದು ಚೆನ್ನಾಗಿ ಒರೆಸಲಿ. ಇದು ಸಣ್ಣ ಮಾತಲ್ಲ. ಹೋದ ಬೇಸಿಗೆಯಲ್ಲಿ ಒಬ್ಬ ಅಕ್ಕ 310 ಬಂದಿದೆ ಅಂತ ಗಾಬರಿಯಿಂದ ಓಡಿ ಬಂದರು. ಏನು ತಿಂದ್ರಿ ಅಂದೆ. ಏನೂ ಇಲ್ಲ ಅಂದರು. ಬೆರಳು ನೋಡಿದರೆ ತುದಿ ಅಂಟಂಟು. ಬೆಲ್ಲದ ಪೆಂಟೆ ಒಡೆದು ಡಬ್ಬಿಗೆ ತುಂಬಿ, ಸೀರೆ ಸೆರಗಿಗೆ ಕೈ ಒರೆಸಿಕೊಂಡು ಹಾಗೇ ಚುಚ್ಚಿಕೊಂಡಿದ್ದರು. ಕೈ ತೊಳೆಸಿ ಇನ್ನೊಂದು ಬೆರಳಿನಲ್ಲಿ ನೋಡಿದರೆ 190. ಬೆರಳ ತುದಿಯಲ್ಲಿದ್ದ ಬೆಲ್ಲವನ್ನು ಮೀಟರ್ ರಕ್ತದ ಜೊತೆ ಸೇರಿಸಿ ಓದಿತ್ತು.

ಈಗ ಸಕ್ಕರೆ ಬದಲಿಗೆ ಸಿಗುವ ಸಿಹಿಗಳ ವಿಷಯ. ಜನ ಇವನ್ನು ನೈಸರ್ಗಿಕ, ಕೆಮಿಕಲ್ ಅಂತ ಎರಡು ಭಾಗ ಮಾಡುತ್ತಾರೆ. ಶುಗರ್ ಇದ್ದವರಿಗೆ ಆ ಭಾಗ ಉಪಯೋಗಕ್ಕೆ ಬರುವುದಿಲ್ಲ, ಬೆಲ್ಲವೂ ನೈಸರ್ಗಿಕವೇ ಅಲ್ವಾ? ನೀವು ಕೇಳಬೇಕಾದ್ದು ಎರಡೇ: ಇದು ರಕ್ತದ ಸಕ್ಕರೆ ಏರಿಸುತ್ತದಾ? ನಾನು ಹಾಕುವ ಕಡೆ ಇದು ನಿಲ್ಲುತ್ತದಾ?

ತಮ್ಮ ಕಳಿಸಿದ ಸ್ಟೀವಿಯಾ ಎರಡಕ್ಕೂ ಪಾಸಾಗುತ್ತದೆ. ಅದು ಪೆರಗ್ವೆ ದೇಶದ ಕಡೆಯ ಒಂದು ಗಿಡದ ಎಲೆಯಿಂದ ತೆಗೆದ ಸಾರ. ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ರಕ್ತದ ಸಕ್ಕರೆ ಏರಿಸುವುದಿಲ್ಲ, ಕುದಿಸಿದರೂ ಕೆಡುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ನಾಲಿಗೆಯ ಮೇಲೆ ಕೊನೆಗೆ ಜ್ಯೇಷ್ಠಮಧುವಿನಂಥ ಒಂದು ಒಗರು ಉಳಿಯುತ್ತದೆ. ಹನಿ ಜಾಸ್ತಿ ಬಿದ್ದರೆ ಕಹಿ. ನಮ್ಮ ಕಡೆ ಎಷ್ಟೋ ಜನ ಮೊದಲ ದಿನ ಐದಾರು ಹನಿ ಹಾಕಿ, ಥೂ ಕಹಿ ಅಂತ ಬಾಟಲಿ ಮೂಲೆಗೆ ಇಡುತ್ತಾರೆ. ಒಂದು ಹನಿಯಿಂದ ಶುರು ಮಾಡಿ. ಶುಂಠಿ ಅಥವಾ ಏಲಕ್ಕಿ ಜಜ್ಜಿ ಹಾಕಿದ ಚಹಾದಲ್ಲಿ ಆ ಒಗರು ಅಷ್ಟಾಗಿ ಗೊತ್ತಾಗುವುದಿಲ್ಲ. ಹಿತ್ತಲಲ್ಲಿ ಗಿಡ ಬೆಳೆಸಿ ಎಲೆ ಒಣಗಿಸಿ ಹಾಕುವವರೂ ಇದ್ದಾರೆ. ಆದರೆ ಸುರಕ್ಷಿತ ಅಂತ ಪರೀಕ್ಷೆ ಮಾಡಿ ಒಪ್ಪಿರುವುದು ಶುದ್ಧ ಮಾಡಿದ ಸಾರವನ್ನು, ಹಸಿ ಎಲೆಯನ್ನಲ್ಲ. ಹಾಗಾಗಿ ದಿನಾ ಬಳಸುವುದಾದರೆ ಅಂಗಡಿಯ ಹನಿಯೇ ಇರಲಿ.

ಸುಕ್ರಲೋಸ್ ಸಕ್ಕರೆಗಿಂತ 600 ಪಟ್ಟು ಸಿಹಿ. ರುಚಿ ಸಕ್ಕರೆಗೆ ಬಹಳ ಹತ್ತಿರ. ಚಹಾ, ಕ್ಷೀರದಲ್ಲಿ ಕುದಿಸಬಹುದು. ಸ್ಟೀವಿಯಾ ಒಗರು ಆಗದವರಿಗೆ ನಾನು ಹೇಳುವುದು ಇದನ್ನೇ. ಗುಳಿಗೆ ಅಥವಾ ಹನಿ ರೂಪದ್ದು ಒಳ್ಳೆಯದು. ಪುಡಿ ತಗೊಂಡರೆ ಪೊಟ್ಟಣದ ಹಿಂದೆ ಓದಿ. ಸಿಹಿ ಚಿಟಿಕೆಯಷ್ಟೇ ಇರುವುದರಿಂದ ಪೊಟ್ಟಣ ತುಂಬಲು ಮಾಲ್ಟೋಡೆಕ್ಸ್ಟ್ರಿನ್ ಅಥವಾ ಡೆಕ್ಸ್ಟ್ರೋಸ್ ಬೆರೆಸಿರುತ್ತಾರೆ. ಎರಡೂ ಸಕ್ಕರೆ ಏರಿಸುವಂಥವು. ಒಂದು ಪೊಟ್ಟಣಕ್ಕೆ ಹೆದರಬೇಕಿಲ್ಲ. ಡಬ್ಬಿಯಿಂದ ದೊಡ್ಡ ಚಮಚ ತುಂಬಿ ಹಾಕುವವರು ಮಾತ್ರ ಲೆಕ್ಕ ಇಡಬೇಕು.

ಆಸ್ಪರ್ಟೇಮ್ ನಮ್ಮ ಮೆಡಿಕಲ್‌ಗಳಲ್ಲಿ ಸಿಗುವ ಎಷ್ಟೋ ಗುಳಿಗೆಗಳಲ್ಲಿ ಇರುತ್ತದೆ. ಸುಮಾರು 200 ಪಟ್ಟು ಸಿಹಿ. ಇದರ ಒಂದು ಗುಣ ನಮ್ಮ ಚಹಾಕ್ಕೆ ಒಗ್ಗುವುದಿಲ್ಲ. ಬಿಸಿಗೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ನಾವು ಚಹಾಪುಡಿ, ಹಾಲು, ಸಿಹಿ ಎಲ್ಲ ಒಟ್ಟಿಗೆ ಹಾಕಿ ಕೊತಕೊತ ಕುದಿಸುವವರು. ಹಾಗೆ ಕುದಿಸಿ, ಸಿಹಿನೇ ಇಲ್ಲ ಅಂತ ಇನ್ನೂ ಎರಡು ಗುಳಿಗೆ ಹಾಕುತ್ತಾರೆ. ಇದನ್ನು ಬಳಸುವುದಾದರೆ ಸೋಸಿ ಕಪ್ಪಿಗೆ ಹಾಕಿದ ಮೇಲೆ ಸೇರಿಸಬೇಕು. ಫಿನೈಲ್‌ಕೀಟೋನ್ಯೂರಿಯಾ ಅನ್ನೋ ಅಪರೂಪದ ಹುಟ್ಟು ಕಾಯಿಲೆ ಇದ್ದವರು ಮುಟ್ಟಬಾರದು.

ಪಕ್ಕದ ಮನೆಯವರು ಹೇಳಿದ ಕ್ಯಾನ್ಸರ್ ಮಾತು ಇದರದ್ದೇ. ಅವರು ಸುಳ್ಳು ಕಟ್ಟಿ ಹೇಳಿದ್ದಲ್ಲ, ಅರ್ಧ ಸುದ್ದಿ ಕೇಳಿದ್ದಾರೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮನ್ನು 'ಕ್ಯಾನ್ಸರ್ ತರಬಹುದೇನೋ' ಅನ್ನೋ 2ಬಿ ಗುಂಪಿಗೆ ಸೇರಿಸಿತು. ಸಾಕ್ಷಿ ಅಷ್ಟಾಗಿ ಇಲ್ಲದ, ಆದರೆ ಇನ್ನಷ್ಟು ನೋಡಬೇಕಾದ ವಸ್ತುಗಳ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ. ಅದೇ ಸಮಯಕ್ಕೆ ಎಷ್ಟು ತಿನ್ನಬಹುದು ಅಂತ ನೋಡುವ ಇನ್ನೊಂದು ತಜ್ಞರ ಸಮಿತಿ, ಹಳೆಯ ಮಿತಿ ಬದಲಿಸಬೇಕಿಲ್ಲ ಅಂತ ಹೇಳಿತು. ಆ ಮಿತಿ ದಿನಕ್ಕೆ ದೇಹದ ತೂಕದ ಒಂದು ಕೆ.ಜಿ.ಗೆ 40 ಮಿಲಿಗ್ರಾಂ. ನಿಮ್ಮ ಅವ್ವನವರ ತೂಕ 60 ಕೆ.ಜಿ. ಅಂದುಕೊಂಡರೆ 2,400 ಮಿಲಿಗ್ರಾಂ. ಒಂದು ಚಮಚ ಸಕ್ಕರೆಯಷ್ಟು ಸಿಹಿ ಕೊಡುವ ಒಂದು ಗುಳಿಗೆಯಲ್ಲಿ ಇರುವುದು ಸುಮಾರು 20 ಮಿಲಿಗ್ರಾಂ. ಅಂದರೆ ಮಿತಿ ಮುಟ್ಟಲು ದಿನಕ್ಕೆ 120 ಗುಳಿಗೆ ಬೇಕು. ನಾಲ್ಕು ಕಪ್ಪು ಚಹಾ ಕುಡಿಯುವವರು ಈ ಭಯದಿಂದ ಬೆಲ್ಲಕ್ಕೆ ಹಿಂದಿರುಗುವುದು ನನಗೆ ಬಹಳ ಬೇಸರ ತರುವ ವಿಷಯ. ಏರಿದ ಶುಗರ್ ಕಣ್ಣು, ಕಿಡ್ನಿ, ಕಾಲಿನ ನರಕ್ಕೆ ಮಾಡುವ ಹಾನಿ ಊಹೆಯದ್ದಲ್ಲ. ಅದನ್ನು ನಾನು ದಿನಾ ಎದುರಿಗೆ ಕೂರಿಸಿಕೊಂಡು ನೋಡುತ್ತೇನೆ.

ಸ್ಯಾಕರಿನ್ ಇವೆಲ್ಲಕ್ಕಿಂತ ಹಳೆಯದು, 1879ರಲ್ಲಿ ಕಂಡುಹಿಡಿದದ್ದು. ಅದರ ಮೇಲೂ ಒಂದು ಕಾಲಕ್ಕೆ ಕ್ಯಾನ್ಸರ್ ಅಪವಾದ ಬಂದಿತ್ತು. ಇಲಿಗಳಲ್ಲಿ ಕಂಡದ್ದು ಮನುಷ್ಯರಿಗೆ ಅನ್ವಯ ಆಗುವುದಿಲ್ಲ ಅಂತ ತಿಳಿದ ಮೇಲೆ 2000ದಲ್ಲಿ ಅಮೆರಿಕ ಅದನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ತನ್ನ ಪಟ್ಟಿಯಿಂದ ತೆಗೆಯಿತು. ಆದರೆ ಕಹಿ, ಲೋಹದಂಥ ರುಚಿ. ಬಸುರಿಯರಿಗೆ ನಾನು ಕೊಡುವುದಿಲ್ಲ.

ಇನ್ನೊಂದು ಜಾತಿ ಇದೆ, ಹೆಸರಿನ ಕೊನೆಗೆ 'ಟಾಲ್' ಅಂತ ಬರುತ್ತದೆ: ಸಾರ್ಬಿಟಾಲ್, ಮಾಲ್ಟಿಟಾಲ್, ಕ್ಸೈಲಿಟಾಲ್, ಎರಿಥ್ರಿಟಾಲ್. ಅಂಗಡಿಯ ಶುಗರ್ ಫ್ರೀ ಬರ್ಫಿ, ಚಾಕಲೇಟಿನಲ್ಲಿ ಮಾಲ್ಟಿಟಾಲ್ ಜಾಸ್ತಿ. ಅದರಲ್ಲಿ ಸಕ್ಕರೆಯ ಅರ್ಧದಷ್ಟು ಕ್ಯಾಲೊರಿ ಇದೆ, ಶುಗರ್ ಸ್ವಲ್ಪ ಏರಿಸುತ್ತದೆ ಕೂಡ. ನಾಲ್ಕು ತುಂಡು ತಿಂದರೆ ಹೊಟ್ಟೆ ಗುಡುಗುಡು, ಭೇದಿ. ಎರಿಥ್ರಿಟಾಲ್ ಶುಗರ್ ಏರಿಸುವುದಿಲ್ಲ. ಆದರೆ 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ ರಕ್ತದಲ್ಲಿ ಅದು ಜಾಸ್ತಿ ಇದ್ದವರಿಗೆ ಹೃದಯಾಘಾತ, ಲಕ್ವ ಜಾಸ್ತಿ ಕಂಡಿತು. ನಮ್ಮ ದೇಹ ತಾನೇ ಅದನ್ನು ಒಂದಷ್ಟು ತಯಾರಿಸುವುದರಿಂದ ತಿಂದದ್ದೇ ಕಾರಣ ಅಂತ ಹೇಳಲಾಗುವುದಿಲ್ಲ. ಬೇರೆ ಆಯ್ಕೆ ಇರುವಾಗ ಹೃದಯದ ತೊಂದರೆ ಇದ್ದವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಸ್ಟೀವಿಯಾ ಅಂತ ದೊಡ್ಡದಾಗಿ ಬರೆದ ಪುಡಿಯಲ್ಲಿ ಒಳಗೆ ಬಹುಪಾಲು ಎರಿಥ್ರಿಟಾಲ್ ಇರುವುದೂ ಉಂಟು. ತಮ್ಮ ಕಳಿಸಿದ್ದು ಹನಿಯಾದ್ದರಿಂದ ಚಿಂತೆ ಕಡಿಮೆ. ಆದರೂ ಬಾಟಲಿ ಹಿಂದೆ ಒಮ್ಮೆ ಓದಿ ನೋಡಿ.

ಹಾಗಾದರೆ ಹನಿ ಹಾಕಿದ ತಕ್ಷಣ 250 ಇದ್ದದ್ದು 150ಕ್ಕೆ ಬರುತ್ತದಾ? ಇಲ್ಲ. ಇಲ್ಲಿ ನಾನು ಬಿಚ್ಚಿ ಹೇಳಬೇಕು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ನಮ್ಮಂಥ ಚಹಾ, ಕಾಫಿ ಕುಡಿಯುವ ಶುಗರ್ ರೋಗಿಗಳ ಮೇಲೆಯೇ ಒಂದು ಅಧ್ಯಯನ ಮಾಡಿ 2024ರಲ್ಲಿ ಪ್ರಕಟಿಸಿದರು. 12 ವಾರ ಒಂದು ಗುಂಪಿಗೆ ಎಂದಿನ ಸಕ್ಕರೆ, ಇನ್ನೊಂದಕ್ಕೆ ಅದರ ಬದಲು ಸುಕ್ರಲೋಸ್. ಸುಕ್ರಲೋಸ್ ಗುಂಪಿನವರ ತೂಕ ತುಸು ಇಳಿಯಿತು. ಎಚ್‌ಬಿಎ1ಸಿಯಲ್ಲಿ, ಅಂದರೆ ಮೂರು ತಿಂಗಳ ಸರಾಸರಿಯಲ್ಲಿ, ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಯಾಕೆಂದರೆ ಊಟದ ಗಂಗಾಳದಲ್ಲಿ ಇರುವುದು ಚಹಾದಲ್ಲಿರುವುದಕ್ಕಿಂತ ಬಹಳ ಜಾಸ್ತಿ. ಮೂರು ರೊಟ್ಟಿ, ಮೇಲೆ ಅನ್ನ, ನಡುವೆ ಬಿಸ್ಕೀಟು, ಸಂಜೆ ಸುಸಲಾ. ಎಲ್ಲ ಹಾಗೇ ಇಟ್ಟು ಚಹಾದ ಸಿಹಿ ಮಾತ್ರ ಬದಲಿಸಿದರೆ ಅಂಕಿ ಅಷ್ಟು ಬೇಗ ಬಗ್ಗುವುದಿಲ್ಲ. ಊಟವಾಗಿ ಎರಡು ತಾಸಿಗೆ 180ರ ಒಳಗೆ ಬರಬೇಕು ಅನ್ನುವುದು ಸಾಮಾನ್ಯ ಗುರಿ. ಅದಕ್ಕೆ ಚಹಾದ ಸಿಹಿ ಬದಲಿಸುವುದರ ಜೊತೆಗೆ ಊಟದಲ್ಲೂ ಒಂದು ರೊಟ್ಟಿ ಕಡಿಮೆ ಮಾಡಿ. ಆ ಜಾಗಕ್ಕೆ ಪುಂಡಿ ಪಲ್ಯ, ಮೊಳಕೆ ಕಾಳು, ತೊಗರಿ ಬೇಳೆಯ ಗಟ್ಟಿ ಪಪ್ಪು ಜಾಸ್ತಿ ಮಾಡಿ. ಅನ್ನ ಬೇಕಾದರೆ ರೊಟ್ಟಿಯ ಬದಲು ಇರಲಿ, ರೊಟ್ಟಿಯ ಮೇಲೆ ಬೇಡ.

ಬದಲಿ ಸಿಹಿಯನ್ನು ನಾನು ಜೀವನಪೂರ್ತಿಯ ಒಪ್ಪಂದ ಅಂತ ಕೊಡುವುದಿಲ್ಲ. 2023ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲಿಕ್ಕೆ ಅಂತ ಇವನ್ನು ಬಳಸಬೇಡಿ ಅಂತ ಹೇಳಿದೆ. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅಲ್ಲ ಅಂತಲೂ ಅದರಲ್ಲೇ ಇದೆ. ಆದರೂ ನಾಲಿಗೆಗೆ ಸಿಹಿಯ ಚಟ ಹಾಗೇ ಉಳಿದರೆ ಬರ್ಫಿ, ಬಿಸ್ಕೀಟಿನ ಆಸೆಯೂ ಹಾಗೇ ಉಳಿಯುತ್ತದೆ. ಆದ್ದರಿಂದ ಹನಿಯನ್ನೂ ನಿಧಾನಕ್ಕೆ ಇಳಿಸಿ. ಮೊದಲ ವಾರ ಕಪ್ಪಿಗೆ ಎರಡು ಹನಿ ಬೇಕಾಯಿತು ಅಂದುಕೊಳ್ಳಿ. ಎರಡು ವಾರ ಬಿಟ್ಟು ಬೆಳಗಿನ ಚಹಾಕ್ಕೆ ಒಂದೇ ಹನಿ. ಆಮೇಲೆ ಸಂಜೆಯದ್ದಕ್ಕೂ ಒಂದೇ. ನಾಲಿಗೆ ಹೊಂದಿಕೊಳ್ಳಲಿಕ್ಕೆ ಒಂದೆರಡು ತಿಂಗಳು ಕೊಡಬೇಕು. ದೊಡ್ಡ ಕಪ್ಪಿನ ಬದಲು ಸಣ್ಣ ಕಪ್ಪು ಇಡಿ. ಬಸಿಗೆ ಸುರಿದುಕೊಂಡು ಕುಡಿಯುವ ರೂಢಿ ಇದ್ದರೆ ಹಾಗೇ ಕುಡಿಯಲಿ, ಸಣ್ಣ ಕಪ್ಪೂ ತೃಪ್ತಿ ಕೊಡುತ್ತದೆ. ನಾಲ್ಕರಲ್ಲಿ ಒಂದು ಚಹಾ ಮಜ್ಜಿಗೆಯಾದರೆ ಇನ್ನೂ ಒಳ್ಳೆಯದು. ನಮ್ಮ ಬಿಸಿಲಿಗೆ ಅದೇ ತಂಪು.

ಹೋಳಿಗೆ ವಿಷಯಕ್ಕೆ ಬರೋಣ. ಅವ್ವನವರು ಅತ್ತದ್ದು ನನಗೆ ಅರ್ಥವಾಗುತ್ತದೆ. ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಎಲ್ಲರೂ ಸುತ್ತ ಕೂತು ಭಜ್ಜಿ (ಕರಿದದ್ದಲ್ಲ, ಕಾಳು-ಸೊಪ್ಪಿನ ಪಲ್ಯ), ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಹಂಚಿಕೊಂಡು ತಿನ್ನುವಾಗ ಒಬ್ಬರನ್ನು ಮಾತ್ರ ಬೇಡ ಅಂತ ಕೂರಿಸುವುದು ಸರಿಯಲ್ಲ. ಹೋಳಿಗೆಗೆ ಸ್ಟೀವಿಯಾ ಹಾಕುವ ಸಾಹಸಕ್ಕೆ ಹೋಗಬೇಡಿ. ಹೂರಣಕ್ಕೆ ಬೆಲ್ಲ ಸಿಹಿ ಮಾತ್ರ ಕೊಡುವುದಿಲ್ಲ, ಪಾಕವಾಗಿ ಹಿಡಿದು ಮೆತ್ತಗೂ ಮಾಡುತ್ತದೆ. ಹನಿ ಹಾಕಿದರೆ ಹೂರಣ ಪುಡಿಪುಡಿ ಉಳಿದು, ಲಟ್ಟಿಸುವಾಗ ಕಣಕ ಹರಿಯುತ್ತದೆ. ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ. ಅದರ ಬದಲು ನಿಜವಾದ ಹೋಳಿಗೆಯನ್ನೇ ಮಾಡಿ, ಬೆಲ್ಲ ಅರ್ಧ ಹಾಕಿ. ಏಲಕ್ಕಿ, ಜಾಜಿಕಾಯಿ ಕೈ ಬಿಟ್ಟು ಹಾಕಿ, ಅವು ಇದ್ದ ಸಿಹಿಯನ್ನು ಎತ್ತಿ ಕೊಡುತ್ತವೆ. ಅಂಗೈ ಅಗಲದ್ದು ಒಂದು ಹೋಳಿಗೆ. ಆ ಹೊತ್ತು ಅನ್ನ ಬೇಡ, ರೊಟ್ಟಿ ಒಂದೇ. ಭಜ್ಜಿ ಎಷ್ಟು ಬೇಕಾದರೂ ಬಡಿಸಿ, ಅದರಲ್ಲಿ ಕಾಳು, ಸೊಪ್ಪು, ತರಕಾರಿ ಎಲ್ಲ ಇರುತ್ತದೆ. ಊಟವಾದ ಮೇಲೆ ಹೊಲದ ಬದುವಿನ ಮೇಲೆ ಇಪ್ಪತ್ತು ನಿಮಿಷ ನಡೆಯಲಿ. ಅಂಗಡಿಯ 'ಸಕ್ಕರೆ ಸೇರಿಸಿಲ್ಲ' ಅನ್ನೋ ಖರ್ಜೂರದ ಬರ್ಫಿಗಿಂತ ಇದು ಎಷ್ಟೋ ವಾಸಿ. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ ಇರುತ್ತದೆ.

ಈಗ ಹೇಳುವುದನ್ನು ಮನೆಯವರೆಲ್ಲ ಕೂತು ಓದಿ. ನಿಮ್ಮ ಅವ್ವನವರು ಗ್ಲಿಮೆಪಿರೈಡ್ ತಗೊಳ್ಳುತ್ತಾರೆ. ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್‌ನಿಂದ ಇಳಿಯಬಹುದು. ದಿನಕ್ಕೆ 40 ಗ್ರಾಂ ಬೆಲ್ಲ ತೆಗೆದು, ರೊಟ್ಟಿಯನ್ನೂ ಕಡಿಮೆ ಮಾಡಿ, ಗುಳಿಗೆ ಮಾತ್ರ ಹಳೆಯ ಅಳತೆಯಲ್ಲೇ ಇದ್ದರೆ ಒಂದು ದಿನ ಕೈ ನಡುಕ, ಬೆವರು, ಎದೆ ಢವಢವ, ಕಣ್ಣಿಗೆ ಕತ್ತಲೆ ಬರಬಹುದು. ಹಾಗಾಗಿ ಬದಲಾವಣೆ ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರಿಗೆ ತಿಳಿಸಿ. ಗುಳಿಗೆಯ ಅಳತೆ ನೀವಾಗಿ ಕಡಿಮೆ ಮಾಡಬೇಡಿ.

70ಕ್ಕಿಂತ ಕೆಳಗೆ ಬಂದಾಗ ಶುಗರ್ ಫ್ರೀ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಒಂದು ಮನೆಯಲ್ಲಿ ಹೀಗೇ ಆಯಿತು. ಅಜ್ಜನಿಗೆ ಬೆವರಿಳಿದು ಮಾತು ತೊದಲಲು ಶುರುವಾಯಿತು. ಸೊಸೆ ಜಾಣೆ, ಶುಗರ್ ಇಳಿದಿದೆ ಅಂತ ತಿಳಿದು ತಕ್ಷಣ ಸಿಹಿ ಚಹಾ ಮಾಡಿ ಕುಡಿಸಿದಳು. ಆದರೆ ಡಬ್ಬಿಯಲ್ಲಿ ಇದ್ದದ್ದು ಶುಗರ್ ಫ್ರೀ ಪುಡಿ. ಮನೆಯಿಂದ ಸಕ್ಕರೆಯನ್ನೇ ಓಡಿಸಿದ್ದರು. ಪಕ್ಕದ ಮನೆಯಿಂದ ಸಕ್ಕರೆ ತಂದು ನೀರಲ್ಲಿ ಕದಡಿ ಕುಡಿಸಿದ ಮೇಲೆ ಅಜ್ಜ ಮೊದಲಿನಂತಾದರು. ಆ ಹತ್ತು ನಿಮಿಷ ಆ ಮನೆಯವರು ಪಟ್ಟ ಪಾಡು ಯಾರಿಗೂ ಬೇಡ. ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಲ್ಲಿ ಕೊಡಿ. 15 ನಿಮಿಷಕ್ಕೆ ಮತ್ತೆ ನೋಡಿ. ಇನ್ನೂ 70ರ ಕೆಳಗಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಓಡಿ. ಗುಳಿಗೆಯ ಚೀಟಿಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಅಂತ ಇದೆಯಾ ಅಂತಲೂ ನೋಡಿ. ಕೆಲವು ಗುಳಿಗೆಗಳಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆ ವೊಗ್ಲಿಬೋಸನ್ನೂ ಸೇರಿಸಿರುತ್ತಾರೆ. ಅದು ಇದ್ದರೆ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ, ಮೆಡಿಕಲ್‌ನಲ್ಲಿ ಸಿಗುವ ಗ್ಲೂಕೋಸ್ ಪುಡಿಯೇ ಬೇಕು. ಒಂದು ಸಣ್ಣ ಪೊಟ್ಟಣ ಅವ್ವನವರ ಚೀಲದಲ್ಲಿ, ಇನ್ನೊಂದು ಅಡುಗೆ ಮನೆಯಲ್ಲಿ ಇರಲಿ. ಶುಗರ್ ಫ್ರೀ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ.

ಮಕ್ಕಳಿಗೆ ಬೇಡ. ಎಷ್ಟೋ ಶುಗರ್ ಫ್ರೀ ಡಬ್ಬಿಗಳ ಮೇಲೇ ಮಕ್ಕಳಿಗಲ್ಲ ಅಂತ ಬರೆದಿರುತ್ತದೆ. ಮಕ್ಕಳ ನಾಲಿಗೆಗೆ ಅಷ್ಟೊಂದು ಸಿಹಿಯ ರೂಢಿ ಹಚ್ಚುವುದೂ ಬೇಡ. ಹಾಗಂತ ಅವ್ವನವರಿಗೆ ಬೇರೆ ಪಾತ್ರೆ, ಬೇರೆ ಚಹಾ ಅಂತ ಮಾಡಬೇಡಿ, ಅವರ ಮನಸ್ಸಿಗೆ ಅದೂ ಚುಚ್ಚುತ್ತದೆ. ಎಲ್ಲರ ಚಹಾವನ್ನೂ ಒಂದೇ ಪಾತ್ರೆಯಲ್ಲಿ ಸಿಹಿ ಇಲ್ಲದೆ ಕುದಿಸಿ ಸೋಸಿ. ಸಕ್ಕರೆ ಬೇಕಾದವರು ತಮ್ಮ ಕಪ್ಪಿಗೆ ತಾವೇ ಅರ್ಧ ಚಮಚ ಹಾಕಿಕೊಳ್ಳಲಿ, ಅವ್ವನವರು ತಮ್ಮ ಹನಿ ತಾವೇ ಹಾಕಿಕೊಳ್ಳಲಿ.